ಅಗ್ಗದ ನುಡಿ: ಸ್ಪ್ಯಾನಿಷ್ ಆಡುಮಾತಿನ ಕೆಲವು ವ್ಯಾಪಾರಪದಗಳ ವಿಮರ್ಶೆ

೧

ಶಾಸನ, ಕಡತ, ನಾಣ್ಯ, ಪ್ರವಾಸಿಗಳ ಬರವಣಿಗೆ ಇವೇ ಮೊದಲಾದುವು ಇತಿಹಾಸರಚನೆಗೆ ಆಧಾರಸಾಮಗ್ರಿಯೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಜನಸಾಮಾನ್ಯರ ಆಡುಮಾತಿಗೆ ಈ ಪಂಕ್ತಿಯಲ್ಲಿ ಎಲೆ ಹಾಕಬಹುದೇ ಎಂಬ ವಿಷಯದಲ್ಲಿ ಮಾತ್ರ ಏಕಾಭಿಪ್ರಾಯವಿಲ್ಲ. ಕೆಲವರು ಆಡುಮಾತನ್ನು ಗಾಳಿಯ ಪಾಲೆಂದು ತಳ್ಳಿಹಾಕುತ್ತಾರೆ. ಮತ್ತೆ ಕೆಲವರು ಒಂದೊಂದು ನುಡಿಗಟ್ಟಿಗೂ ಒಂದೊಂದು ಸ್ವಾರಸ್ಯವಾದ ಕತೆಯನ್ನು ಹಚ್ಚಿ, ಆ ಕತೆಯನ್ನೇ ಇತಿಹಾಸವೆಂದು ಬಗೆಯುತ್ತಾರೆ. ಇವೆರಡೂ ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ. ಆಡುಮಾತೂ ಒಂದು ದಾಖಲೆಯೇ; ಆದರೆ ಬೇರೆ ಯಾವ ದಾಖಲೆಯನ್ನು ನಾವು ಎಷ್ಟು ಎಚ್ಚರದಿಂದ ಪರೀಕ್ಷಿಸುತ್ತೇವೆಯೋ ಅಷ್ಟೇ ಎಚ್ಚರದಿಂದ ಅದನ್ನೂ ಪರೀಕ್ಷಿಸಬೇಕು.

ಈ ಪರೀಕ್ಷೆಗೆ ನಾವು ಇಲ್ಲಿ ಒಂದು ಸಣ್ಣ ಕ್ಷೇತ್ರವನ್ನು ಆರಿಸಿಕೊಂಡಿದ್ದೇವೆ. ಸ್ಪೇನ್ ದೇಶದಲ್ಲಿಯೂ ಸ್ಪ್ಯಾನಿಷ್ ಭಾಷೆಯನ್ನಾಡುವ ಅಮೆರಿಕದ ನಾಡುಗಳಲ್ಲಿಯೂ, 'ಇಂಥಲ್ಲಿ ಇಂಥ ಸರಕು ಅಗ್ಗವಾಗಿ ಸಿಕ್ಕುತ್ತಿದೆ' ಎಂದು ಒಬ್ಬರು ಮತ್ತೊಬ್ಬರಿಗೆ ತಿಳಿಸುವಾಗ ಬಳಸುವ ಪದಗಳೇ ಆ ಕ್ಷೇತ್ರ. ವಿಷಯ ಲಘುವಾಗಿ ತೋರಬಹುದು. ಆದರೆ ಬೆಲೆಯೆಂಬುದು ಇಬ್ಬರ ನಡುವಣ ಸಂಬಂಧವಾಗಿರುವುದರಿಂದ, ಬೆಲೆಯನ್ನು ಕುರಿತ ಮಾತಿನಲ್ಲಿ ಆ ಸಂಬಂಧದ ಇತಿಹಾಸವೂ ಅಡಗಿರುತ್ತದೆ. ನಾವು ಭಾಷಾಶಾಸ್ತ್ರಜ್ಞರಲ್ಲ. ಪದಗಳ ಧ್ವನಿವಿಕಾಸವನ್ನು ಆ ಶಾಸ್ತ್ರಜ್ಞರಿಗೆ ಬಿಟ್ಟು, ಈ ಪದಗಳು ಯಾವ ಸಮಾಜಸ್ಥಿತಿಗೆ ಸಾಕ್ಷಿ ಹೇಳುತ್ತವೆ, ಎಷ್ಟರಮಟ್ಟಿಗೆ ಹೇಳುತ್ತವೆ, ಎಲ್ಲಿ ಹೇಳುವುದಿಲ್ಲ ಎಂಬ ಮೂರು ಪ್ರಶ್ನೆಗಳನ್ನಷ್ಟೇ ಇಲ್ಲಿ ವಿಚಾರಿಸುತ್ತೇವೆ.

೨

ಮೊಟ್ಟಮೊದಲು ಗಮನಿಸತಕ್ಕ ಸಂಗತಿಯೆಂದರೆ, ಅಗ್ಗವನ್ನು ಹೇಳುವ ಪದಗಳು ಒಂದೇ ಗುಂಪಿಗೆ ಸೇರಿದುವಲ್ಲ. ಅವುಗಳಲ್ಲಿ ಮಾರುವವನ ಮಾತುಗಳು ಬೇರೆ, ಕೊಳ್ಳುವವನ ಮಾತುಗಳು ಬೇರೆ. 'ರೆಬಾಹಾಸ್', 'ಒಫೆರ್ತಾ', 'ಸಾಲ್ದೊ', 'ಲಿಕಿದಾಸಿಯೋನ್' ಇವು ಅಂಗಡಿಯ ಬಾಗಿಲಮೇಲೆ ಬರೆದಿರುವ ಮಾತುಗಳು. ರೆಬಾಹಾಸ್ ಎಂದರೆ ಇಳಿಕೆಗಳು. ಒಫೆರ್ತಾ ಎಂದರೆ ಮುಂದಿಟ್ಟದ್ದು, ನೀಡಿಕೆ. ಸಾಲ್ದೊ ಎಂಬುದು ಇಟಾಲಿಯನ್ ವರ್ತಕರ ಲೆಕ್ಕದ ಪುಸ್ತಕದಿಂದ ಬಂದ ಪದ, ಲೆಕ್ಕ ಚುಕ್ತಾ ಮಾಡಿದಾಗ ಉಳಿಯುವ ಬಾಕಿ, ಅದರಿಂದ ಮಾರಾಟವಾಗದೆ ಉಳಿದ ಸರಕು. ಲಿಕಿದಾಸಿಯೋನ್ ಎಂದರೆ ಇದ್ದಬದ್ದ ಸರಕನ್ನೆಲ್ಲ ಹಣವಾಗಿ ಕರಗಿಸುವುದು. ಇನ್ನೊಂದು ಕಡೆ 'ಗಾಂಗಾ', 'ಚೋಯೊ', 'ಬಿಕೋಕಾ', 'ತಿರಾದೊ', 'ರೆಗಾಲಾದೊ' ಇವು ನೆರೆಯವಳು ನೆರೆಯವಳಿಗೆ, ಅಣ್ಣ ತಮ್ಮನಿಗೆ, ಗೆಳೆಯ ಗೆಳೆಯನಿಗೆ ಹೇಳುವ ಮಾತುಗಳು.

ಮೊದಲನೆಯ ಗುಂಪಿನ ಪದಗಳನ್ನು ಸ್ಪೇನ್ ದೇಶದ ಕಾನೂನು ಬಿಗಿಯಾಗಿ ಕಟ್ಟಿಹಾಕಿದೆ. ಚಿಲ್ಲರೆ ವ್ಯಾಪಾರವನ್ನು ಕುರಿತ ೧೯೯೬ರ ೭ನೆಯ ಕಾಯಿದೆಯು ಇಳಿಕೆಯ ಮಾರಾಟ, ಪ್ರಚಾರದ ಮಾರಾಟ, ಉಳಿಕೆ ಸರಕಿನ ಮಾರಾಟ, ಸಮಾಪ್ತಿಯ ಮಾರಾಟ ಎಂದು ಇವನ್ನು ವಿಂಗಡಿಸಿ, ಒಂದೊಂದಕ್ಕೂ ಲಕ್ಷಣವನ್ನು ಹೇಳುತ್ತದೆ. ರೆಬಾಹಾಸ್ ಎಂಬ ಹೆಸರಿನಲ್ಲಿ ಮಾರುವ ಸರಕು ಕಡೆಯಪಕ್ಷ ಒಂದು ತಿಂಗಳು ಮೊದಲೇ ಅಂಗಡಿಯ ಸಾಮಾನ್ಯ ಮಾರಾಟದಲ್ಲಿ ಇದ್ದಿರಬೇಕು. ಕೆಟ್ಟ ಸರಕನ್ನು ಆ ಹೆಸರಿನಲ್ಲಿ ಮಾರಕೂಡದು. ಕೆಟ್ಟದ್ದು, ಮಾಸಿದ್ದು, ಬಳಕೆ ತಪ್ಪಿದ್ದು ಸಾಲ್ದೊ ಎನಿಸಿಕೊಳ್ಳಬೇಕೇ ಹೊರತು ರೆಬಾಹಾಸ್ ಎನಿಸಿಕೊಳ್ಳಕೂಡದು. ಎರಡನೆಯ ಗುಂಪಿನ ಪದಗಳಿಗೆ ಇಂಥ ಲಕ್ಷಣಗ್ರಂಥವಿಲ್ಲ. ಅವುಗಳ ಸತ್ಯಾಸತ್ಯಕ್ಕೆ ಹೊಣೆ ಹೇಳಿದವನ ಮರ್ಯಾದೆಯೊಂದೇ. 'ಅಲ್ಲಿ ಹೋಗು, ಚೋಯೊ ಇದೆ' ಎಂದು ಹೇಳಿದವನ ಮಾತು ಹುಸಿಯಾದರೆ, ಕೇಳಿದವನು ಮತ್ತೊಮ್ಮೆ ಅವನ ಮಾತನ್ನು ನಂಬುವುದಿಲ್ಲ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ವಾದವೆಲ್ಲವೂ ಕೊನೆಗೆ ಇದರ ಮೇಲೆಯೇ ನಿಲ್ಲುತ್ತದೆ.

೩

ಕೊಳ್ಳುವವನ ಪದಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದುದು 'ಗಾಂಗಾ'. ಇದು ಮೂಲತಃ ಒಂದು ಹಕ್ಕಿಯ ಹೆಸರು. ಒಣ ಬಯಲುಗಳಲ್ಲಿ ವಾಸಿಸುವ, ಸುಮಾರು ಪಾರಿವಾಳದಷ್ಟು ಗಾತ್ರದ, ಬಹು ವೇಗವಾಗಿ ಹಾರುವ ಹಕ್ಕಿ ಅದು. ಅದರ ಕೂಗನ್ನು ಅನುಕರಿಸಿ ಹೆಸರು ಹುಟ್ಟಿತೆಂದು ನಿರುಕ್ತಕಾರರು ಹೇಳುತ್ತಾರೆ. ಹಕ್ಕಿಯ ಹೆಸರು ಅಗ್ಗದ ಸರಕಿಗೆ ಹೇಗೆ ಬಂದಿತು? ಬೇಟೆಯಲ್ಲಿ ಸುಲಭವಾಗಿ ಸಿಕ್ಕುವ ಹಕ್ಕಿಯಾದ್ದರಿಂದ ಎಂದು ಊಹಿಸುವುದು ಸಹಜ. ಆದರೆ ದಾಖಲೆ ಇದಕ್ಕೆ ನೇರವಾಗಿ ವಿರುದ್ಧವಾಗಿದೆ.

ಸೆಬಾಸ್ತಿಯಾನ್ ದೆ ಕೊವಾರ್ರೂಬಿಯಾಸನು ೧೬೧೧ರಲ್ಲಿ ಪ್ರಕಟಿಸಿದ ಕಾಸ್ತಿಲಿಯನ್ ಭಾಷೆಯ ಕೋಶದಲ್ಲಿ 'ಗಾಂಗಾ ಬೇಟೆಗೆ ಹೋಗುವುದು' ಎಂಬ ನುಡಿಗಟ್ಟು ದೊರೆಯುತ್ತದೆ. ಕೈಗೆ ಸಿಕ್ಕಿತು ಎನ್ನುವಷ್ಟರಲ್ಲಿ ತಪ್ಪಿಹೋಗುವ ವಸ್ತುವಿನ ಬೆನ್ನು ಹತ್ತಿ ಕಾಲವನ್ನು ವ್ಯರ್ಥಮಾಡುವುದೆಂದು ಅದರ ಅರ್ಥ. ಹಕ್ಕಿಯನ್ನು ಹಿಡಿಯುವುದು ಕಷ್ಟ. ಹಿಡಿದರೂ ಮಾಂಸ ಬಿರುಸು. ಆದುದರಿಂದ ಗಾಂಗಾ ಎಂದರೆ ಪ್ರಯಾಸಕ್ಕೆ ತಕ್ಕ ಫಲವಿಲ್ಲದ್ದು. ಇದೇ ಪದವು ಕಾಲಕ್ರಮದಲ್ಲಿ ಪ್ರಯಾಸವಿಲ್ಲದೆ ದೊರೆಯುವ ದೊಡ್ಡ ಫಲ ಎಂಬ ಅರ್ಥಕ್ಕೆ ತಿರುಗಿತು. ನಿರುಕ್ತಕಾರರು ಈ ವಿಪರ್ಯಾಸಕ್ಕೆ ವ್ಯಂಗ್ಯವೇ ಕಾರಣವೆನ್ನುತ್ತಾರೆ. ಕೆಲಸಕ್ಕೆ ಬಾರದ ವಸ್ತುವನ್ನು ತಂದವನನ್ನು ನೋಡಿ 'ಭಲೆ, ಒಳ್ಳೆಯ ಗಾಂಗಾ ತಂದೆ' ಎಂದು ನಗೆಯಾಡುವುದರಿಂದ ಮೊದಲಾಗಿ, ನಗೆ ಮರೆತುಹೋಗಿ, 'ಒಳ್ಳೆಯ' ಎಂಬ ಭಾಗವೊಂದೇ ಉಳಿದುಕೊಂಡಿತು. ಇಂದಿಗೂ ಅದೇ ಪದವನ್ನು ಕೊಂಕುದನಿಯಲ್ಲಿ ನುಡಿದರೆ ಹಳೆಯ ಅರ್ಥ ಮರಳಿ ಬರುತ್ತದೆ.

ಈ ನಿರೂಪಣೆಯನ್ನು ನಾವು ಒಪ್ಪುತ್ತೇವೆ. ಏಕೆಂದರೆ ಇಲ್ಲಿ ಹಳೆಯ ಅರ್ಥಕ್ಕೆ ಕಾಲನಿರ್ದೇಶವುಳ್ಳ ಲಿಖಿತಸಾಕ್ಷ್ಯವಿದೆ, ಹೊಸ ಅರ್ಥ ಕಣ್ಣೆದುರಿಗಿದೆ, ಎರಡನ್ನೂ ಜೋಡಿಸುವ ವ್ಯಂಗ್ಯವು ಇಂದಿಗೂ ಆ ಮಾತಿನಲ್ಲಿ ಜೀವಂತವಾಗಿದೆ. ಇತಿಹಾಸಕಾರನಿಗೆ ಇದಕ್ಕಿಂತ ಹೆಚ್ಚಿನ ಲಾಭವೂ ಇದೆ. ಅಗ್ಗವನ್ನು ಬೆನ್ನಟ್ಟುವುದು ಮೋಸಹೋಗುವುದಕ್ಕೆ ಹತ್ತಿರವಾದ ಕೆಲಸವೆಂಬ ಅನುಭವವು ಈ ಪದದೊಳಗೆ ಹುದುಗಿಕೊಂಡಿದೆ. 'ಅಗ್ಗವಾದುದು ಕೊನೆಗೆ ತುಟ್ಟಿಯಾಗಿ ಪರಿಣಮಿಸುತ್ತದೆ' ಎಂಬರ್ಥದ ಗಾದೆಯೂ ಆ ಭಾಷೆಯಲ್ಲಿ ಬಹಳ ಬಳಕೆಯಲ್ಲಿದೆ.

೪

ಇನ್ನು 'ಬಿಕೋಕಾ' ಎಂಬ ಪದವನ್ನು ತೆಗೆದುಕೊಳ್ಳೋಣ. ಸುಲಭವಾಗಿ ಕೈಗೆ ಬಂದ ಲಾಭಕ್ಕೆ ಇದನ್ನು ಬಳಸುತ್ತಾರೆ. ಇದರ ಮೂಲವನ್ನು ವಿವರಿಸುವ ಜನಪ್ರಿಯವಾದ ಕತೆಯೊಂದಿದೆ. ೧೫೨೨ರ ಏಪ್ರಿಲ್ ೨೭ರಂದು ಮಿಲಾನ್ ನಗರದ ಸಮೀಪದ ಬಿಕೊಕ್ಕಾ ಎಂಬಲ್ಲಿ ಲೋತ್ರೆಕ್ ಎಂಬ ಸೇನಾಪತಿಯ ನೇತೃತ್ವದ ಫ್ರೆಂಚ್ ಸೈನ್ಯಕ್ಕೂ ಪ್ರೋಸ್ಪೆರೊ ಕೊಲೊನ್ನಾನ ನೇತೃತ್ವದ ಐದನೆಯ ಚಾರ್ಲ್ಸ್ ಚಕ್ರವರ್ತಿಯ ಸೈನ್ಯಕ್ಕೂ ಯುದ್ಧವಾಯಿತು. ಫ್ರೆಂಚರ ಪರವಾಗಿ ಹೋರಾಡಿದ ಸ್ವಿಸ್ ಭರ್ಜಿಯಾಳುಗಳು ಮುಂಗಂಡಿಯ ಹಿಂದೆ ನಿಂತಿದ್ದ ಸ್ಪೇನಿನ ಬಂದೂಕುಗಾರರ ಗುಂಡಿಗೆ ಸಾವಿರಗಟ್ಟಲೆಯಾಗಿ ಬಲಿಯಾದರು. ಗೆದ್ದವರ ಕಡೆ ನಷ್ಟ ಅತ್ಯಲ್ಪ. ಇಷ್ಟು ಸುಲಭವಾಗಿ ದೊರೆತ ಜಯದ ನೆನಪಿಗೆ, ಸುಲಭವಾಗಿ ದೊರೆತ ವಸ್ತುವನ್ನೆಲ್ಲ ಸ್ಪೇನಿನವರು ಬಿಕೋಕಾ ಎಂದು ಕರೆದರು ಎಂಬುದು ಕತೆ.

ಯುದ್ಧ ನಿಜ, ತಾರೀಖು ನಿಜ, ಸ್ವಿಸ್ ಸೈನಿಕರ ಸಾವೂ ನಿಜ. ಆದರೆ ಇವೆಲ್ಲ ನಿಜವಾದ ಮಾತ್ರಕ್ಕೆ ಪದದ ಮೂಲವೂ ನಿಜವಾಗುವುದಿಲ್ಲ. ಇಟಾಲಿಯನ್ ಭಾಷೆಯಲ್ಲಿ ಬಿಕೊಕ್ಕಾ ಎಂಬುದು ಸಾಮಾನ್ಯ ನಾಮಪದ. ಗುಡ್ಡದ ಮೇಲಿನ ಸಣ್ಣ ಕೋಟೆ, ಹರಕುಮುರುಕು ಮನೆ ಎಂದು ಅದರ ಅರ್ಥ. ಫ್ರೆಂಚ್ ಭಾಷೆಯಲ್ಲಿಯೂ ಇದರ ಜ್ಞಾತಿಪದವು ಮುರುಕು ಮನೆಯನ್ನು ಸೂಚಿಸುತ್ತದೆ; ಅಲ್ಲಿ ಆ ಯುದ್ಧ ಸೋಲಾಗಿತ್ತೇ ಹೊರತು ಸುಲಭವಾದ ಜಯವಾಗಿರಲಿಲ್ಲವೆಂಬುದನ್ನು ನೆನೆಯಬೇಕು. ಸ್ಪ್ಯಾನಿಷಿನಲ್ಲಿಯೇ 'ರಕ್ಷಣೆ ಸಾಲದ ಸಣ್ಣ ಕೋಟೆ', 'ಬೆಲೆಯಿಲ್ಲದ ಸಣ್ಣ ವಸ್ತು' ಎಂಬ ಅರ್ಥಗಳು ನಿಘಂಟಿನಲ್ಲಿ ಇನ್ನೂ ಉಳಿದಿವೆ. ಸಣ್ಣ ಕೋಟೆಯಿಂದ ಸಣ್ಣ ವಸ್ತು, ಸಣ್ಣ ವಸ್ತುವಿನಿಂದ ಸಣ್ಣ ಬೆಲೆಗೆ ಬಂದ ವಸ್ತು: ಅರ್ಥವು ಹೆಜ್ಜೆ ಹೆಜ್ಜೆಯಾಗಿ ನಡೆದುಬರಲು ಯುದ್ಧದ ಅಗತ್ಯವೇ ಇಲ್ಲ. ಕತೆಯನ್ನು ಸುಳ್ಳೆಂದು ಸಾಧಿಸುವ ಹೊಣೆ ನಮ್ಮದಲ್ಲ; ನಿಜವೆಂದು ಸಾಧಿಸುವ ಹೊಣೆ ಅದನ್ನು ಹೇಳುವವರದು. ಯುರೋಪಿನ ಇತಿಹಾಸವನ್ನು ಬೋಧಿಸುವಾಗ ನಾವೂ ಈ ಕತೆಯನ್ನು ತರಗತಿಯಲ್ಲಿ ಹೇಳಿದ್ದುಂಟು. ವಿದ್ಯಾರ್ಥಿಗಳು ಅದನ್ನು ಉತ್ತರಪತ್ರಿಕೆಗಳಲ್ಲಿ ಶ್ರದ್ಧೆಯಿಂದ ಬರೆದದ್ದೂ ಉಂಟು. ಆ ಮಾತನ್ನು ಇಲ್ಲಿ ಹಿಂತೆಗೆದುಕೊಳ್ಳುವುದು ನಮ್ಮ ಕರ್ತವ್ಯ.

ಹಾಗಾದರೆ ಇಂಥ ಕತೆಗಳನ್ನೆಲ್ಲ ತಿರಸ್ಕರಿಸಬೇಕೇ ಎಂದರೆ, ಬೇಡ. 'ನಾಲ್ಕು ಪೆರ್ರಾಗಳಿಗೆ ಕೊಂಡೆ' ಎಂಬ ಸ್ಪೇನಿನ ಮಾತನ್ನು ನೋಡಿ. ಪೆರ್ರಾ ಎಂದರೆ ಹೆಣ್ಣುನಾಯಿ. ೧೮೬೮ರಲ್ಲಿ ಪೆಸೇತಾ ರಾಷ್ಟ್ರನಾಣ್ಯವಾದ ತರುವಾಯ ೧೮೭೦ರಲ್ಲಿ ಹೊರಟ ಐದು ಮತ್ತು ಹತ್ತು ಸೆಂತಿಮೊಗಳ ಕಂಚಿನ ನಾಣ್ಯಗಳ ಮೇಲೆ ಗುರಾಣಿಯನ್ನು ಹಿಡಿದು ನಿಂತ ಸಿಂಹವೊಂದಿತ್ತು. ಜನ ಅದನ್ನು ನಾಯಿಯೆಂದು ಗೇಲಿಮಾಡಿ, ಹತ್ತರ ನಾಣ್ಯವನ್ನು ದಪ್ಪನಾಯಿಯೆಂದೂ ಐದರದನ್ನು ಸಣ್ಣನಾಯಿಯೆಂದೂ ಕರೆದರು. ಇದೂ ಕತೆಯೇ, ಆದರೆ ಇಲ್ಲಿ ನಾಣ್ಯವನ್ನು ಇಂದಿಗೂ ಕೈಯಲ್ಲಿ ಹಿಡಿದು ನೋಡಬಹುದು, ಅದರ ಮೇಲಿನ ವರ್ಷವನ್ನು ಓದಬಹುದು, ಹೆಸರು ಆ ನಾಣ್ಯಕ್ಕೇ ನೇರವಾಗಿ ಅಂಟಿಕೊಂಡಿದೆ. ವಸ್ತು, ಕಾಲ, ಹೆಸರು ಮೂರೂ ಒಂದೆಡೆ ಕೂಡುತ್ತವೆ. ಬಿಕೋಕಾದಲ್ಲಿ ಕೂಡುವುದಿಲ್ಲ. ಸ್ವಾರಸ್ಯವಾದ ಕತೆಗೂ ಸಾಕ್ಷ್ಯವುಳ್ಳ ಕತೆಗೂ ಇರುವ ಅಂತರ ಇಷ್ಟೇ.

ನಾಣ್ಯ ಹೋದರೂ ಮಾತು ಉಳಿಯುತ್ತದೆಂಬುದಕ್ಕೂ ಈ ಪದ ನಿದರ್ಶನ. ೨೦೦೨ರ ಜನವರಿ ೧ರಂದು ಸ್ಪೇನಿನಲ್ಲಿ ಯೂರೋ ನಾಣ್ಯ ಚಲಾವಣೆಗೆ ಬಂದು, ಆ ವರ್ಷದ ಫೆಬ್ರವರಿಯ ಕೊನೆಗೆ ಪೆಸೇತಾದ ಚಲಾವಣೆ ನಿಂತಿತು. ಒಂದು ಯೂರೋಗೆ ೧೬೬.೩೮೬ ಪೆಸೇತಾ ಎಂದು ದರ ಗೊತ್ತಾಗಿತ್ತು. ಆದರೂ 'ನಾಲ್ಕು ಪೆರ್ರಾ' ಎಂಬ ಮಾತು ಹೋಗಲಿಲ್ಲ. ೧೯೯೦ರ ದಶಕದಲ್ಲಿ ಎಲ್ಲ ಸರಕನ್ನೂ ನೂರು ಪೆಸೇತಾಕ್ಕೆ ಮಾರುತ್ತಿದ್ದ ಅಂಗಡಿಗಳಿಗೆ ಇದ್ದ 'ತೋದೊ ಆ ಸಿಯೆನ್', ಅಂದರೆ 'ಎಲ್ಲವೂ ನೂರಕ್ಕೆ' ಎಂಬ ಹೆಸರೂ ಹೋಗಲಿಲ್ಲ. ಅದು ಕಳಪೆ ಎಂಬ ಅರ್ಥದ ವಿಶೇಷಣವಾಗಿ ಉಳಿಯಿತು. ನಮ್ಮಲ್ಲಿಯೂ ಆಣೆ ಹೋಗಿ ಎಷ್ಟೋ ಕಾಲವಾದರೂ ಮಾತು 'ಹದಿನಾರಾಣೆ ನಿಜ'ವಾಗಿಯೇ ಇರುತ್ತದೆ. ಕಾಸು ಕಾಣದಿದ್ದರೂ ಜನ 'ನಾಲ್ಕು ಕಾಸು' ಸಂಪಾದಿಸುತ್ತಾರೆ. ಅಲ್ಪಸಂಖ್ಯೆಯನ್ನು ನಾಲ್ಕೆಂದೇ ಹೇಳುವುದರಲ್ಲಿಯೂ ಎರಡು ಭಾಷೆಗಳು ಕೂಡುವುದು ಗಮನಾರ್ಹ.

೫

'ಬಾರಾತೊ' ಎಂಬುದು ಅಗ್ಗಕ್ಕೆ ಸ್ಪ್ಯಾನಿಷಿನ ಸರ್ವಸಾಮಾನ್ಯ ಪದ. ಆದರೆ ಇದರ ಪೂರ್ವಚರಿತ್ರೆ ಅಷ್ಟು ಸರಳವಲ್ಲ. ವಿನಿಮಯ, ಕೊಳುಕೊಡೆ, ಅದರೊಡನೆ ಕಪಟ ಎಂಬ ಅರ್ಥಗಳುಳ್ಳ ಧಾತುವಿನಿಂದ ಇದು ಬಂದಿದೆ. ಅದೇ ಮೂಲದ 'ಬಾರಾತೆರೀಯಾ' ಎಂಬ ಪದಕ್ಕೆ ಇಂದಿಗೂ ವಂಚನೆಯ ಅರ್ಥವಿದೆ. ೧೬–೧೭ನೆಯ ಶತಮಾನಗಳಲ್ಲಿ ಬಾರಾತೊ ಎಂದರೆ ಜೂಜಿನಲ್ಲಿ ಗೆದ್ದವನು ಸುತ್ತ ನಿಂತು ನೋಡುವವರಿಗೆ ಕೊಡುತ್ತಿದ್ದ ಹಣವೂ ಆಗಿತ್ತು.

ಸೆರ್ವಾಂತೆಸನು ೧೬೧೫ರಲ್ಲಿ ಪ್ರಕಟಿಸಿದ 'ದೊನ್ ಕಿಹೋತೆ'ಯ ಎರಡನೆಯ ಭಾಗದಲ್ಲಿ ಸಾಂಚೊ ಪಾನ್ಸಾನು ಆಳುವ ದ್ವೀಪಕ್ಕೆ ಬಾರಾತಾರಿಯಾ ಎಂದು ಹೆಸರು. ಊರಿನ ಹೆಸರು ಹಾಗಿದ್ದುದರಿಂದಲೋ, ಅಧಿಕಾರ ಅವನಿಗೆ ಅಗ್ಗವಾಗಿ ದೊರೆತುದರಿಂದಲೋ ಈ ಹೆಸರು ಬಂದಿರಬೇಕೆಂದು ಕವಿಯೇ ವಿನೋದವಾಗಿ ಸೂಚಿಸುತ್ತಾನೆ. ಆ ದ್ವೀಪದಲ್ಲಿ ಸಾಂಚೊನು ತೀರ್ಮಾನಿಸುವ ವ್ಯಾಜ್ಯಗಳಲ್ಲಿ ಒಂದು ಬಾರಾತೊ ಕುರಿತದ್ದೇ. ಸಾವಿರಕ್ಕೂ ಮಿಗಿಲಾದ ರೆಯಾಲ್‌ಗಳನ್ನು ಗೆದ್ದ ಜೂಜುಗಾರನು ತನಗೆ ಕೊಟ್ಟ ಬಾರಾತೊ ಸಾಲದೆಂದು ನೋಡುಗನೊಬ್ಬನು ಜಗಳಕ್ಕೆ ನಿಲ್ಲುತ್ತಾನೆ. ಗೆದ್ದವನು ಇವನಿಗೆ ನೂರು ರೆಯಾಲ್, ಸೆರೆಮನೆಯ ಬಡವರಿಗೆ ಮೂವತ್ತು ರೆಯಾಲ್ ಕೊಡಬೇಕೆಂದೂ, ಕಸುಬಿಲ್ಲದೆ ಅಲೆಯುವ ನೋಡುಗನು ಹಣವನ್ನು ತೆಗೆದುಕೊಂಡು ಹತ್ತು ವರ್ಷ ದ್ವೀಪವನ್ನು ಬಿಟ್ಟಿರಬೇಕೆಂದೂ ಸಾಂಚೊ ತೀರ್ಪು ಕೊಡುತ್ತಾನೆ. ದುಡಿಯದೆ ಬಂದ ಗಳಿಕೆಯಲ್ಲಿ ದುಡಿಯದೆ ಪಾಲು ಕೇಳುವುದು ಬಾರಾತೊ. ಆ ಕಾಲದ ಓದುಗನು ಈ ಪದವನ್ನು ಕೇಳಿದಾಗ ಅವನ ಮನಸ್ಸಿಗೆ ಬರುತ್ತಿದ್ದುದು ಕಡಮೆ ಬೆಲೆಯೊಂದೇ ಅಲ್ಲ.

ಅಮೆರಿಕಕ್ಕೆ ಹೋದಾಗಲೂ ಪದವು ಈ ಸಂದೇಹದ ನೆರಳನ್ನು ಜೊತೆಯಲ್ಲಿ ಕೊಂಡೊಯ್ದಿತು. ಮೆಕ್ಸಿಕೊ ನಗರದ ಮುಖ್ಯ ಚೌಕದಲ್ಲಿ ಸ್ಪೇನಿನ ಆಳಿಕೆಯ ಕಾಲದಲ್ಲಿ 'ಬಾರಾತಿಯೊ' ಎಂಬ ಸಂತೆ ನಡೆಯುತ್ತಿತ್ತು. ಹಳೆಯ ಬಟ್ಟೆ, ಹಳೆಯ ಕಬ್ಬಿಣ, ಕೈಬದಲಾದ ಸಾಮಾನು ಅಲ್ಲಿ ಮಾರಾಟವಾಗುತ್ತಿತ್ತು. ಕದ್ದ ಮಾಲು ಅಲ್ಲಿಗೆ ಬರುತ್ತದೆಂದು ಅಧಿಕಾರಿಗಳು ಅದನ್ನು ಮತ್ತೆ ಮತ್ತೆ ನಿಷೇಧಿಸಿದರು. ಮತ್ತೆ ಮತ್ತೆ ಅದು ಕೂಡಿಕೊಂಡಿತು. ಬಡವರಿಗೆ ಬಟ್ಟೆಯೂ ಪಾತ್ರೆಯೂ ಬೇರೆ ಎಲ್ಲಿಯೂ ಆ ಬೆಲೆಗೆ ಸಿಕ್ಕದಿದ್ದುದೇ ಇದಕ್ಕೆ ಕಾರಣವೆಂದು ಬೇರೆ ಹೇಳಬೇಕಾಗಿಲ್ಲ. ಇಂದಿನ ಮೆಕ್ಸಿಕೊದಲ್ಲಿ 'ಬಾರಾತಾ' ಎಂದರೆ ಬೆಲೆ ಇಳಿಸಿದ ಮಾರಾಟ. ಸ್ಪೇನಿನ ರೆಬಾಹಾಸ್ ಎಂಬುದರ ಸ್ಥಾನದಲ್ಲಿ ಅಲ್ಲಿ ಈ ಪದ ನಿಂತಿದೆ. ದಕ್ಷಿಣಕ್ಕೆ ಅರ್ಜೆಂಟೀನ, ಉರುಗ್ವೆಗಳಲ್ಲಿ ಗಾಂಗಾ ಎಂಬುದಕ್ಕೆ ಬದಲಾಗಿ 'ಪಿಚಿಂಚಾ' ಎನ್ನುತ್ತಾರೆ. ನೆರೆಯ ಬ್ರೆಜಿಲಿನ ಪೋರ್ಚುಗೀಸಿನಲ್ಲಿ 'ಪೆಶಿಂಶಾ' ಎಂಬ ರೂಪವಿದೆ. ಹೀಗೆ ಒಂದೇ ಭಾಷೆಯವರಾದರೂ ಅಗ್ಗವನ್ನು ತೋರಿಸುವ ಮಾತಿನಿಂದಲೇ ಯಾವ ನಾಡಿನವರೆಂದು ಗುರುತಿಸಬಹುದಾಗಿದೆ.

೬

ಈಗ ವಿಮರ್ಶೆಗೆ ಹೆಚ್ಚು ಅವಕಾಶವಿರುವ ಒಂದು ವರ್ಗಕ್ಕೆ ಬರೋಣ. ಬೆಲೆ ಬಹಳ ಕಡಮೆಯಾಗಿದೆಯೆಂದು ಹೇಳಲು ಸ್ಪೇನಿನವರು 'ಎಸ್ತಾ ತಿರಾದೊ' ಎನ್ನುತ್ತಾರೆ: ಎಸೆದಿದೆ, ಬಿಸುಟಿದೆ ಎಂದರ್ಥ. 'ರೆಗಾಲಾದೊ' ಎಂದರೆ ದಾನವಾಗಿ ಕೊಟ್ಟದ್ದು. 'ಲೊ ಎಸ್ತಾನ್ ರೆಗಾಲಾಂದೊ' ಎಂದರೆ ಅದನ್ನು ಸುಮ್ಮನೆ ಕೊಡುತ್ತಿದ್ದಾರೆ. ಬೆಲೆ 'ನೆಲದ ಮೇಲೆ' ಬಿದ್ದಿರುತ್ತದೆ. ಅಥವಾ ಅದು ಕಟ್ಟಡ 'ಕೆಡವುವಾಗಿನ' ಬೆಲೆಯಾಗಿರುತ್ತದೆ. ಸಂತೆಯಲ್ಲಿ ಕೂಗಿ ಮಾರುವವನು ತಾನೇ 'ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದಾರೆ' ಎಂದು ಮೊರೆಯಿಡುತ್ತಾನೆ.

ಈ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇವುಗಳಲ್ಲೆಲ್ಲ ಒಂದೇ ಚಿತ್ರವಿರುವುದು ಕಾಣುತ್ತದೆ. ಮಾರುವವನು ಕಳೆದುಕೊಳ್ಳುತ್ತಿದ್ದಾನೆ, ಕೊಳ್ಳುವವನು ಗಳಿಸುತ್ತಿದ್ದಾನೆ. ಆದರೆ ಎಸೆದವರು ಯಾರು, ಕೊಡುತ್ತಿರುವವರು ಯಾರು ಎಂಬುದನ್ನು ಮಾತು ಹೇಳುವುದಿಲ್ಲ. ಕ್ರಿಯೆಯಿದೆ, ಕರ್ತೃ ಮರೆಯಲ್ಲಿದ್ದಾನೆ.

ಈ ಚಿತ್ರ ವಾಸ್ತವವೇ ಎಂದು ಪರೀಕ್ಷಿಸಲು ನಮಗೆ ಒಂದು ಖಚಿತವಾದ ಸಾಧನವಿದೆ. ೧೯೯೬ರ ಕಾಯಿದೆಯು, ಕೆಲವು ಅಪವಾದಗಳನ್ನುಳಿದು, ನಷ್ಟಕ್ಕೆ ಮಾರುವುದನ್ನೇ ನಿಷೇಧಿಸಿತ್ತು. ಉಳಿಕೆ ಸರಕಿನ ಮಾರಾಟಕ್ಕೂ ಸಮಾಪ್ತಿಯ ಮಾರಾಟಕ್ಕೂ ಈ ನಿಷೇಧದಿಂದ ವಿನಾಯಿತಿ ಇತ್ತು. ರೆಬಾಹಾಸ್ ಮಾರಾಟಕ್ಕೆ ಅಂಥ ವಿನಾಯಿತಿ ಇರಲಿಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯವು ೨೦೧೭ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ ೨೦೧೮ರಲ್ಲಿ ಈ ನಿಷೇಧ ಸಡಿಲವಾಯಿತು. ಎಂದರೆ ಇಪ್ಪತ್ತು ವರ್ಷಗಳಿಗೂ ಮಿಕ್ಕ ಕಾಲ, ಜನವರಿಯ ಇಳಿಕೆಯ ದಿನಗಳಲ್ಲಿ 'ಎಸೆದುಬಿಟ್ಟಿದ್ದಾರೆ' ಎಂದು ಜನ ಯಾವುದನ್ನು ಕುರಿತು ಹೇಳುತ್ತಿದ್ದರೋ ಆ ಸರಕನ್ನು ನಿಜವಾಗಿ ಎಸೆಯುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧವಾಗಿತ್ತು. ಮಾತು ಒಂದು ಕಡೆ, ವ್ಯವಹಾರ ಒಂದು ಕಡೆ. ಇಳಿಸಿದ ಬೆಲೆಯಲ್ಲಿಯೂ ಅಂಗಡಿಯವನಿಗೆ ಕೊಂಡ ಬೆಲೆ ಗಿಟ್ಟುತ್ತಿದ್ದಿತೆಂದೇ ಕಾನೂನಿನ ಭಾವನೆ.

ಇಲ್ಲಿಯೇ ಆಡುಮಾತನ್ನು ದಾಖಲೆಯಾಗಿ ಬಳಸುವವನು ಎಚ್ಚರದಿಂದಿರಬೇಕು. 'ತಿರಾದೊ' ಎಂಬ ಮಾತು ವ್ಯಾಪಾರದ ಸ್ಥಿತಿಗೆ ಸಾಕ್ಷಿಯಲ್ಲ. ಕೊಳ್ಳುವವನ ಮನಸ್ಸಿನ ಸ್ಥಿತಿಗೆ ಸಾಕ್ಷಿ. ವರ್ಷಾರಂಭದ ಹಣದ ಮುಗ್ಗಟ್ಟನ್ನು ಸ್ಪೇನಿನವರು 'ಜನವರಿಯ ಏರು' ಎನ್ನುತ್ತಾರೆ. ಕ್ರಿಸ್ಮಸ್ ಹಬ್ಬದ ವೆಚ್ಚ ಮುಗಿದು, ಜನವರಿ ೬ರ ಮೂವರು ಅರಸರ ಹಬ್ಬದ ಉಡುಗೊರೆಗಳೂ ಮುಗಿದು, ಕೈ ಬರಿದಾದ ಹೊತ್ತಿಗೆ, ರೂಢಿಯಂತೆ ೭ರಂದು ಇಳಿಕೆಯ ಮಾರಾಟ ತೊಡಗುತ್ತದೆ. ಆ ಏರನ್ನು ಹತ್ತುತ್ತಿರುವವನಿಗೆ ಕಡಮೆ ಬೆಲೆಯು ದಾನದಂತೆ ಕಾಣುವುದು ಸ್ವಾಭಾವಿಕ. ಅವನ ಮಾತನ್ನು ಸುಳ್ಳೆನ್ನಲಾಗದು. ಆದರೆ ಅದರ ಆಧಾರದ ಮೇಲೆ ವರ್ತಕರ ನಷ್ಟದ ಇತಿಹಾಸವನ್ನು ಬರೆಯಲೂ ಆಗದು.

೭

ಮೇಲೆ ಹೇಳಿದ ಮಾರುವವನ ಮಾತು, ಕೊಳ್ಳುವವನ ಮಾತು ಎಂಬ ಭೇದಕ್ಕೆ ಈಗ ಮರಳಬಹುದು. ಈ ಭೇದವು ಇತ್ತೀಚೆಗೆ ಅಳಿಸುತ್ತ ಬಂದಿದೆ. ಮೊದಲಿಗೆ ರೆಬಾಹಾಸ್ ಮಾರಾಟಕ್ಕೆ ವರ್ಷದಲ್ಲಿ ಎರಡೇ ಋತುಗಳಿದ್ದುವು: ವರ್ಷಾರಂಭದಲ್ಲಿ ಒಂದು, ಬೇಸಗೆಯ ರಜೆಯ ಹೊತ್ತಿಗೆ ಮತ್ತೊಂದು; ಒಂದೊಂದೂ ಕನಿಷ್ಠ ಒಂದು ವಾರ, ಗರಿಷ್ಠ ಎರಡು ತಿಂಗಳು. ೨೦೧೨ರ ಜುಲೈ ತಿಂಗಳ ಶಾಸನದಿಂದ ಈ ಕಟ್ಟು ಕಳಚಿತು. ಅಂಗಡಿಯವನು ತನಗೆ ಬೇಕಾದಾಗ ಬೇಕಾದಷ್ಟು ದಿನ ಇಳಿಕೆಯನ್ನು ಸಾರಬಹುದಾಯಿತು. ಅಮೆರಿಕದ ಸಂಯುಕ್ತ ಸಂಸ್ಥಾನದಿಂದ ಬಂದ 'ಬ್ಲ್ಯಾಕ್ ಫ್ರೈಡೇ' ನವೆಂಬರ್ ತಿಂಗಳಲ್ಲಿ ಬೇರೂರಿತು. ಮೆಕ್ಸಿಕೊದಲ್ಲಿ ೨೦೧೧ರಿಂದ ಅದೇ ತಿಂಗಳಲ್ಲಿ 'ಎಲ್ ಬ್ವೆನ್ ಫಿನ್' ಎಂಬ ಮಾರಾಟದ ದಿನಗಳು ನಡೆಯುತ್ತಿವೆ. ಇಳಿಕೆ ಎಲ್ಲ ಕಾಲಕ್ಕೂ ಹರಡಿದ ಮೇಲೆ ರೆಬಾಹಾಸ್ ಎಂಬ ಪದಕ್ಕಿದ್ದ ಹಬ್ಬದ ಕಳೆ ಕುಂದಿತು. ಆಗ ಮಾರುವವನು ಕೊಳ್ಳುವವನ ಪದಗಳ ಕಡೆಗೆ ಕೈಚಾಚಿದನು. 'ಚೋಯೊ' ಎಂಬುದು ಸ್ಪೇನಿನ ಅಪ್ಪಟ ಆಡುಮಾತು. ಸುಲಭವಾಗಿ ಲಾಭ ತರುವ ಕೆಲಸಕ್ಕೂ ಅಗ್ಗದ ಸರಕಿಗೂ ಅದನ್ನು ಬಳಸುತ್ತಾರೆ. ಗೆಳೆಯರ ನಡುವಣ ಈ ಮಾತು ಇಂದು ಜಾಹೀರಾತುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ರಾರಾಜಿಸುತ್ತದೆ. ಸಾಲದೆಂದು ಹಿಗ್ಗಿಸಿ 'ಚೋಯಾಸೊ' ಎಂದೂ ಬರೆಯುತ್ತಾರೆ.

ಇದರಿಂದ ಏನು ಹಾನಿ ಎಂದು ಕೇಳಬಹುದು. ಪದಗಳು ಒಬ್ಬರ ಸೊತ್ತಲ್ಲ. ಬಾಯಿಂದ ಬಾಯಿಗೆ ದಾಟುವುದೇ ಅವುಗಳ ಸ್ವಭಾವ. ಈ ಆಕ್ಷೇಪವನ್ನು ನಾವು ಗೌರವಿಸುತ್ತೇವೆ. ಆದರೆ ಇಲ್ಲಿ ದಾಟಿರುವ ಪದದೊಡನೆ ಅದರ ಹೊಣೆಯೂ ದಾಟಿದೆಯೇ ಎಂದು ನೋಡಬೇಕು. ಐರೋಪ್ಯ ಒಕ್ಕೂಟದ ನಿರ್ದೇಶನವನ್ನು ಅನುಸರಿಸಿ ಸ್ಪೇನ್ ೨೦೨೧ರಲ್ಲಿ ಮಾಡಿ ೨೦೨೨ರ ಮೇ ತಿಂಗಳಿಂದ ಜಾರಿಗೆ ತಂದ ನಿಯಮದಂತೆ, ಬೆಲೆ ಇಳಿದಿದೆಯೆಂದು ಸಾರುವವನು ಹಿಂದಿನ ೩೦ ದಿನಗಳಲ್ಲಿ ತಾನು ವಿಧಿಸಿದ ಅತ್ಯಂತ ಕಡಮೆ ಬೆಲೆಯನ್ನೇ ಹಳೆಯ ಬೆಲೆಯೆಂದು ತೋರಿಸಬೇಕು. ಬೆಲೆಯನ್ನು ಮೊದಲು ಏರಿಸಿ ಅನಂತರ ಇಳಿಸುವ ಚಮತ್ಕಾರಕ್ಕೆ ಇದು ತಡೆ. 'ಇಳಿಕೆ' ಎಂಬ ಮಾತಿನಲ್ಲಿ ಹಿಂದೆ ಹೆಚ್ಚಾಗಿತ್ತು ಎಂಬ ಪ್ರತಿಜ್ಞೆ ಅಡಗಿದೆ. ಪ್ರತಿಜ್ಞೆಯಿರುವುದರಿಂದಲೇ ಅದನ್ನು ಪರೀಕ್ಷಿಸಬಹುದು. 'ಚೋಯೊ' ಎಂಬ ಮಾತಿನಲ್ಲಿ ಅಂಥ ಪ್ರತಿಜ್ಞೆಯಿಲ್ಲ; ಅದು ಬರಿಯ ಮೆಚ್ಚುಗೆ. ವಂಚನೆಯನ್ನು ತಡೆಯುವ ಬೇರೆ ಕಾನೂನುಗಳು ಇವೆ, ನಿಜ. ಆದರೆ ಮೆಚ್ಚುಗೆಯನ್ನು ಅಳೆಯುವ ಕೋಲು ಯಾವ ಕಾನೂನಿನಲ್ಲಿಯೂ ಇಲ್ಲ. ಗೆಳೆಯನ ಬಾಯಲ್ಲಿ ಆ ಮೆಚ್ಚುಗೆಗೆ ಗೆಳೆತನವೇ ಜಾಮೀನಾಗಿತ್ತು. ಅಂಗಡಿಯ ಹಲಗೆಯ ಮೇಲೆ ಜಾಮೀನು ಯಾರು? ಮಾರುವವನು ತನ್ನ ಪದವನ್ನು ಬಿಟ್ಟು ಕೊಳ್ಳುವವನ ಪದವನ್ನು ಹಿಡಿದಾಗ, ಕಾನೂನಿನ ಕಟ್ಟೂ ಇಲ್ಲ, ನೆರೆಹೊರೆಯ ಕಟ್ಟೂ ಇಲ್ಲ ಎಂಬ ಸ್ಥಿತಿ ಒದಗುತ್ತದೆ. ಪದದ ರೂಪ ಹಾಗೆಯೇ ಇದೆ, ನಿಘಂಟಿನ ಅರ್ಥವೂ ಹಾಗೆಯೇ ಇದೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ಬದಲಾಗಿದೆ. ನಿಘಂಟನ್ನೊಂದೇ ನೋಡುವವನಿಗೆ ಈ ಬದಲಾವಣೆ ಕಾಣುವುದಿಲ್ಲ. ನುಡಿಗಟ್ಟುಗಳ ಹಿಂದಿನ ಕತೆಗಳನ್ನು ಹುಡುಕುವವನಿಗಂತೂ ಕಾಣುವುದೇ ಇಲ್ಲ.

೮

ಈ ವಿಚಾರದಿಂದ ನಮ್ಮ ವಿದ್ಯಾರ್ಥಿಗಳಿಗೆ ಪ್ರಯೋಜನವೇನು ಎಂಬ ಪ್ರಶ್ನೆ ಉಳಿಯುತ್ತದೆ. ಸ್ಪೇನಿನ ಮಾರುಕಟ್ಟೆಗೂ ನಮ್ಮ ಮಾರುಕಟ್ಟೆಗೂ ಒಂದು ಸಣ್ಣ, ಆದರೆ ನಿಜವಾದ ಸಂಬಂಧವಿದೆ. ಸ್ಪ್ಯಾನಿಷಿನಲ್ಲಿ ಕೂಗಿ ಮಾರುವ ಮಾರಾಟಕ್ಕೆ ಇರುವ 'ಅಲ್ಮೊನೇದಾ' ಎಂಬ ಪದ ಅರಬ್ಬಿಯದು. ಕೂಗಿ ಕರೆಯುವುದೆಂದು ಅದರ ಮೂಲಾರ್ಥ. ಪೋರ್ಚುಗೀಸರ 'ಲೈಲಾಂವ್' ಕೂಡ ಅರಬ್ಬಿ ಮೂಲದ್ದೇ. ನಮ್ಮ 'ಹರಾಜು' ಅರಬ್ಬಿಯಿಂದ ಬಂದುದು. ಉತ್ತರ ಕರ್ನಾಟಕದಲ್ಲಿ ಕೇಳಿಬರುವ 'ಲಿಲಾವು' ಪೋರ್ಚುಗೀಸರ ಮೂಲಕ ಬಂದುದು. ಒಂದೇ ವ್ಯಾಪಾರಲೋಕದ ಎರಡು ದಡಗಳಲ್ಲಿ ಒಂದೇ ಮೂಲದ ಕೂಗು ಕೇಳಿಸಿತೆಂದು ಹೇಳಬಹುದು. ಆದರೆ ಇವೆಲ್ಲ ಮಾರುವವನ ಪದಗಳು. ಕೂಗುವವನ ಪದಗಳು ಸಮುದ್ರವನ್ನು ದಾಟುತ್ತವೆ. ಕೊಳ್ಳುವವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಪದಗಳು, ಗಾಂಗಾ, ಚೋಯೊ, ಪಿಚಿಂಚಾಗಳಂತೆ, ಬಹುಮಟ್ಟಿಗೆ ತಮ್ಮ ನೆಲದಲ್ಲಿಯೇ ಉಳಿಯುತ್ತವೆ. ಈ ಪದಗಳನ್ನು ಕೂಡಿಸುವವರು ಪದ, ಅರ್ಥಗಳನ್ನು ಬರೆದುಕೊಂಡರೆ ಸಾಲದು. ಯಾವ ಊರಿನಲ್ಲಿ, ಯಾವ ವರ್ಷದಲ್ಲಿ, ಯಾರು ಯಾರಿಗೆ ಹೇಳಿದರು ಎಂಬುದನ್ನೂ ಬರೆದುಕೊಳ್ಳಬೇಕು. ಇಷ್ಟಿದ್ದರೆ ಅದು ದಾಖಲೆ. ಇಲ್ಲದಿದ್ದರೆ ಅದು ಕುತೂಹಲದ ಸಂಗ್ರಹ.

ಒಟ್ಟಿನಲ್ಲಿ, ಆಡುಮಾತು ಜನರ ಅನುಭವಕ್ಕೂ ನಂಬಿಕೆಗೂ ಒಳ್ಳೆಯ ಸಾಕ್ಷಿ, ಬೆಲೆಗೂ ಲಾಭನಷ್ಟಕ್ಕೂ ಅಷ್ಟು ಒಳ್ಳೆಯ ಸಾಕ್ಷಿಯಲ್ಲ. ಪದದ ಹಿಂದಿನ ಕತೆ ಎಷ್ಟೇ ರಂಜಕವಾಗಿದ್ದರೂ ವಸ್ತು, ಕಾಲ, ಹೆಸರು ಈ ಮೂರೂ ಕೂಡದಿದ್ದರೆ ಅದನ್ನು ತರಗತಿಗೆ ತರಬಾರದು. ಪದದ ಅರ್ಥಕ್ಕಿಂತ ಅದನ್ನು ನುಡಿಯುವವನ ಸ್ಥಾನವು ಕೆಲವೊಮ್ಮೆ ಮುಖ್ಯವಾಗುತ್ತದೆ. ಇವಿಷ್ಟು ನಮ್ಮ ನಿರ್ಣಯಗಳು. ಸ್ಪ್ಯಾನಿಷ್ ಭಾಷೆಯಲ್ಲಿ ನಮಗಿಂತ ಹೆಚ್ಚು ಪರಿಶ್ರಮವುಳ್ಳವರು ಇವುಗಳಲ್ಲಿ ದೋಷವನ್ನು ತೋರಿಸಿಕೊಟ್ಟರೆ, ಬಿಕೊಕ್ಕಾ ಯುದ್ಧದ ಕತೆಯನ್ನು ಹಿಂತೆಗೆದುಕೊಂಡಂತೆಯೇ ಇವನ್ನೂ ತಿದ್ದಿಕೊಳ್ಳಲು ನಾವು ಸಿದ್ಧರಾಗಿದ್ದೇವೆ.